ಮೊಬೈಲ್ ನೋಡಿದರೆ ಕಣ್ಣು ಉರಿಯುತ್ತದೆಯೇ?

"ಅಕ್ಕೋರೆ, ನಾ ನಾಳೆಯಿಂದ ಬರುದಿಲ್ಲ."

ಭಟ್ಕಳದ ಹತ್ತಿರ ಒಂದು ಕೇರಿ. ಅಲ್ಲಿ ನಮ್ಮ ಓದು-ಬರಹದ ತರಗತಿ. ನಾವು ಹಗಲು ಹೊತ್ತು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವರು. ಸಂಜೆ ಏಳಕ್ಕೆ ಅಕ್ಕಂದಿರ ಜೊತೆ ಚಾಪೆ ಹಾಸಿ ಕೂರುವವರು. ಆ ದಿನ ಪಾಠ ಮುಗಿದಿತ್ತು. ಒಬ್ಬ ಅಕ್ಕ ಪುಸ್ತಕ ಮಡಚಿ ನಮ್ಮ ಮುಂದೆ ಇಟ್ಟರು. ಈ ಮಾತು ಹೇಳಿದರು.

ನಮಗೆ ಆಶ್ಚರ್ಯವಾಯಿತು. ಯಾಕೆಂದರೆ ಈ ಅಕ್ಕ ಎಲ್ಲರಿಗಿಂತ ಚುರುಕು. ಒತ್ತಕ್ಷರ ಮೊದಲು ಕಲಿತವರು ಅವರೇ. ಬಸ್ಸಿನ ಬೋರ್ಡು ಓದಿ ಹೇಳುತ್ತಿದ್ದರು. "ಹೊನ್ನಾವರ", "ಕುಮಟಾ", ಎಲ್ಲ ಓದುತ್ತಿದ್ದರು.

"ಯಾಕೆ ಅಕ್ಕಾ? ಮನೆಯಲ್ಲಿ ಏನಾದ್ರೂ ಅಂದ್ರಾ?" ಎಂದು ಕೇಳಿದೆವು.

"ಹಾಂಗೇನಿಲ್ಲ. ಕಣ್ಣಲ್ಲಿ ಹೊಯ್ಗೆ ಬಿದ್ದ ಹಾಂಗೆ ಆಗ್ತದೆ. ಪುಸ್ತಕ ಹಿಡಿದ್ರೆ ಅಕ್ಷರ ಕುಣೀತದೆ. ಬೆಳಿಗ್ಗೆ ಅಂಗಳಕ್ಕೆ ಬಂದ್ರೆ ಬಿಸಿಲು ಸೂಜಿ ಹಾಕಿ ಚುಚ್ಚಿದ ಹಾಂಗೆ. ಅತ್ತೆ ಹೇಳ್ತಾರೆ, ಈ ವಯಸ್ಸಲ್ಲಿ ಓದುಕೆ ಹೋಗಿ ಕಣ್ಣು ಹಾಳು ಮಾಡ್ಕೊಂಡೆ ಅಂತ."

ಆಗ ನಾವು ಏನು ಹೇಳಿದೆವು ಗೊತ್ತೇ? "ರೂಢಿ ಇಲ್ಲವಲ್ಲ, ಅದಕ್ಕೇ ಹಾಗೆ. ಇನ್ನೂ ಸ್ವಲ್ಪ ಓದಿ, ಸರಿ ಹೋಗ್ತದೆ" ಎಂದೆವು. ಇದು ತಪ್ಪು ಮಾತು. ಬರುದಿಲ್ಲ ಎಂದವರು ನಿಜವಾಗಿಯೂ ಬರಲಿಲ್ಲ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಆಮೇಲೆ ನಾವೇ ಅವರ ಮನೆಗೆ ಹೋದೆವು.

ಮನೆಯ ಜಗಲಿಯಲ್ಲಿ ಕುಳಿತು ಮಾತಾಡಿದಾಗ ಎಲ್ಲ ತಿಳಿಯಿತು. ಅಕ್ಕನಿಗೆ ನಲವತ್ತಾರು ವರ್ಷ. ಬೆಳಿಗ್ಗೆಯಿಂದ ಮಲ್ಲಿಗೆ ಮೊಗ್ಗು ಕಟ್ಟುವ ಕೆಲಸ. ಭಟ್ಕಳದ ಮಲ್ಲಿಗೆ ನಿಮಗೆ ಗೊತ್ತಲ್ಲ, ಸಣ್ಣ ಮೊಗ್ಗು. ಬಾಳೆನಾರಿನಲ್ಲಿ ಒಂದೊಂದೇ ಕಟ್ಟಬೇಕು. ಕಣ್ಣು ಕೆಳಗೆ, ಕೈ ಕೆಳಗೆ. ಮಗ ಮಸ್ಕತ್‌ನಲ್ಲಿ ದುಡಿಯುತ್ತಾನೆ. ಅಲ್ಲಿ ರಾತ್ರಿ ಒಂಬತ್ತು ಆದರೆ ಇಲ್ಲಿ ಹತ್ತೂವರೆ. ಆ ಹೊತ್ತಿಗೆ ಅವನ ವಿಡಿಯೋ ಕಾಲ್ ಬರುತ್ತದೆ. ಪಕ್ಕದಲ್ಲಿ ಮೊಮ್ಮಗಳು ಮಲಗಿರುತ್ತಾಳೆ. ಅವಳು ಎದ್ದರೆ ರಗಳೆ ಎಂದು ಅಕ್ಕ ದೀಪ ಆರಿಸುತ್ತಾರೆ. ಮಲಗಿಕೊಂಡೇ ಮೊಬೈಲನ್ನು ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿಯುತ್ತಾರೆ. ಮಗ ಫೋನ್ ಇಟ್ಟ ಮೇಲೆ ನಿದ್ದೆ ಬರುವುದಿಲ್ಲ. ಹಾಡು, ಅಡುಗೆ, ಹಾಸ್ಯ ಎಂದು ಬೆರಳು ಜಾರಿಸುತ್ತಾ ಹೋಗುತ್ತಾರೆ. ಗಂಟೆ ಹನ್ನೆರಡು.

ಇದು ಅವರೊಬ್ಬರ ಕಥೆಯೇ? ಅಲ್ಲ. ಅಂಗನವಾಡಿಯ ಅಕ್ಕನನ್ನು ಕೇಳಿ. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು. ಮಕ್ಕಳ ತೂಕ, ಎತ್ತರ, ಹಾಜರಿ ಎಲ್ಲ ಮೊಬೈಲಿನಲ್ಲೇ ತುಂಬಬೇಕು. ಸ್ವಸಹಾಯ ಸಂಘದ ಲೆಕ್ಕ ಮೊಬೈಲಿನಲ್ಲಿ. ಗೃಹಲಕ್ಷ್ಮಿ ಹಣದ ಮೆಸೇಜ್ ಮೊಬೈಲಿನಲ್ಲಿ. ಮೊಬೈಲ್ ಬೇಡ ಎಂದು ಹೇಳಿದರೆ ಯಾರು ಕೇಳುತ್ತಾರೆ? ನಾವೂ ಹಾಗೆ ಹೇಳುವುದಿಲ್ಲ. ಮಸ್ಕತ್‌ನಲ್ಲಿರುವ ಮಗನ ಮುಖ ನೋಡಬೇಡಿ ಎಂದು ತಾಯಿಗೆ ಹೇಳಲು ನಮಗೆ ಬಾಯಿ ಬರುವುದಿಲ್ಲ.

ಹಾಗಾದರೆ ಕಣ್ಣು ಉರಿಯುವುದು ಏಕೆ? ತಿಳಿಯೋಣ ಬನ್ನಿ.

ರೆಪ್ಪೆ ಮಾಡುವ ಕೆಲಸ

ಮಣ್ಣಿನ ನೆಲ ನೀವೆಲ್ಲ ನೋಡಿದ್ದೀರಿ. ಆಗಾಗ ಸೆಗಣಿ ಹಾಕಿ ಸಾರಿಸಬೇಕು. ಸಾರಿಸದೆ ಬಿಟ್ಟರೆ ನೆಲ ಒಣಗುತ್ತದೆ, ಬಿರಿಯುತ್ತದೆ, ಧೂಳು ಏಳುತ್ತದೆ. ನಮ್ಮ ಕಣ್ಣೂ ಹಾಗೆಯೇ. ಕಣ್ಣಿನ ಮೇಲೆ ಕಣ್ಣೀರಿನ ಒಂದು ತೆಳುವಾದ ಪದರ ಇದೆ. ಅತ್ತಾಗ ಮಾತ್ರ ಕಣ್ಣೀರು ಎಂದು ತಿಳಿಯಬೇಡಿ. ನಗುವಾಗಲೂ ಅದು ಕಣ್ಣಿನ ಮೇಲೆ ಇರುತ್ತದೆ. ರೆಪ್ಪೆ ಬಡಿದಾಗಲೆಲ್ಲ ಈ ನೀರು ಕಣ್ಣಿನ ಮೇಲೆ ಹರಡುತ್ತದೆ. ರೆಪ್ಪೆಯೇ ನಮ್ಮ ಕಣ್ಣನ್ನು ಸಾರಿಸುವ ಕೈ.

ಈ ನೀರಿನ ಮೇಲೆ ಸ್ವಲ್ಪ ಎಣ್ಣೆಯೂ ಇದೆ. ರೆಪ್ಪೆಯ ಅಂಚಿನ ಸಣ್ಣ ಸಣ್ಣ ಗ್ರಂಥಿಗಳಿಂದ ಈ ಎಣ್ಣೆ ಬರುತ್ತದೆ. ಎಣ್ಣೆ ಇದ್ದರೆ ನೀರು ಬೇಗ ಆರುವುದಿಲ್ಲ. ರೆಪ್ಪೆ ಪೂರ್ತಿ ಮುಚ್ಚಿ ತೆರೆದರೆ ಈ ಎಣ್ಣೆ ಹೊರಗೆ ಬರುತ್ತದೆ.

ಈಗ ಮುಖ್ಯ ವಿಷಯ ನೋಡಿ. 1993ರಲ್ಲಿ ಜಪಾನಿನ ವೈದ್ಯರು ಜನರನ್ನು ಕೂರಿಸಿ ರೆಪ್ಪೆ ಬಡಿಯುವುದನ್ನು ಎಣಿಸಿದರು. ಸುಮ್ಮನೆ ಕುಳಿತಾಗ ಮಿನಿಟಿಗೆ ಸುಮಾರು 22 ಸಲ. ಪುಸ್ತಕ ಓದುವಾಗ 10 ಸಲ. ಕಂಪ್ಯೂಟರ್ ಪರದೆ ನೋಡುವಾಗ ಬರೇ 7 ಸಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ. ಬಡಿದರೂ ಅರ್ಧ ಮಾತ್ರ ಮುಚ್ಚುತ್ತೇವೆ. ನೆಲ ಸಾರಿಸುವವರು ಇಲ್ಲ. ಕಣ್ಣು ಒಣಗುತ್ತದೆ. ಹೊಯ್ಗೆ ಬಿದ್ದ ಹಾಗೆ ಆಗುವುದು ಇದರಿಂದಲೇ.

ನಂಬಿಕೆ ಬರಲಿಲ್ಲವೇ? ನಿಮ್ಮ ಮಗಳೋ ಸೊಸೆಯೋ ಮೊಬೈಲ್ ನೋಡುವಾಗ ಅವಳಿಗೆ ಹೇಳದೆ ಎಣಿಸಿ. ಹೇಳಿದರೆ ಬೇಕೆಂದೇ ಬಡಿಯುತ್ತಾಳೆ, ಲೆಕ್ಕ ತಪ್ಪುತ್ತದೆ. ನಮ್ಮ ತರಗತಿಯಲ್ಲಿ ಈ ಆಟ ಆಡಿದಾಗ ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಒಬ್ಬರು ಕೇಳಿದರು: "ಕಣ್ಣು ಒಣಗಿದೆ ಅಂತೀರಿ. ಆದ್ರೆ ನನ್ನ ಕಣ್ಣಲ್ಲಿ ನೀರು ಸುರೀತದಲ್ಲ?" ಒಳ್ಳೆಯ ಪ್ರಶ್ನೆ. ಕಣ್ಣು ಒಣಗಿದಾಗ ಉರಿ ಆಗುತ್ತದೆ. ಉರಿ ಆದಾಗ ಕಣ್ಣು ಗಾಬರಿಯಿಂದ ನೀರು ಸುರಿಸುತ್ತದೆ. ಈರುಳ್ಳಿ ಹೆಚ್ಚುವಾಗ ಬರುವ ನೀರಿನ ಹಾಗೆ. ಆ ನೀರು ನಿಲ್ಲುವುದಿಲ್ಲ, ಕೆನ್ನೆಗೆ ಹರಿದು ಹೋಗುತ್ತದೆ. ಹಾಗಾಗಿ ಒಣಗಿದ ಕಣ್ಣಲ್ಲೇ ನೀರು ಸುರಿಯುವುದು ಉಂಟು.

ಹೆಂಗಸರಿಗೆ ಈ ತೊಂದರೆ ಗಂಡಸರಿಗಿಂತ ಹೆಚ್ಚು. ಮುಟ್ಟು ನಿಂತ ಮೇಲೆ ಇನ್ನೂ ಹೆಚ್ಚು. ಸೌದೆ ಒಲೆಯ ಹೊಗೆ ಬೇರೆ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಸಿದರೂ ಕಣ್ಣು ಬೇಗ ಆರುತ್ತದೆ. ನೆಗಡಿಗೆ ನುಂಗುವ ಕೆಲವು ಮಾತ್ರೆಗಳಿಂದಲೂ ಕಣ್ಣು ಒಣಗುತ್ತದೆ.

ಚಾಳೀಸು ಬಂತೇ?

ಆ ಅಕ್ಕನಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ನಾವು ಮೊದಲೇ ಊಹಿಸಬೇಕಿತ್ತು.

"ಚಾಳೀಸು" ಎಂಬ ಮಾತು ನೀವು ಕೇಳಿದ್ದೀರಿ. ಹಿಂದಿಯಲ್ಲಿ ಚಾಲೀಸ್ ಎಂದರೆ ನಲವತ್ತು. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗಿ ಕಾಣುತ್ತದೆ. ಅದಕ್ಕೇ ಆ ಹೆಸರು. ಇದು ರೋಗವಲ್ಲ. ತಲೆಕೂದಲು ನರೆಯುವ ಹಾಗೆ ಎಲ್ಲರಿಗೂ ಬರುತ್ತದೆ. ಹಿಂದೆ ಬಾರದವರಿಲ್ಲ, ಮುಂದೆಯೂ ಇರುವುದಿಲ್ಲ.

ಕಣ್ಣಿನೊಳಗೆ ಗಾಜಿನಂಥ ಒಂದು ಸಣ್ಣ ಬಿಲ್ಲೆ ಇದೆ. ಅದಕ್ಕೆ ಮಸೂರ ಎನ್ನುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಅದು ಮೆತ್ತಗೆ, ಎಳೆ ತೆಂಗಿನ ಗಂಜಿಯ ಹಾಗೆ. ಹತ್ತಿರದ್ದು ನೋಡುವಾಗ ಉಬ್ಬುತ್ತದೆ, ದೂರದ್ದು ನೋಡುವಾಗ ಚಪ್ಪಟೆಯಾಗುತ್ತದೆ. ವಯಸ್ಸಾದ ಹಾಗೆ ಅದು ಬಲಿತು ಗಟ್ಟಿಯಾಗುತ್ತದೆ. ಆಗ ಬೇಕಾದಷ್ಟು ಉಬ್ಬುವುದಿಲ್ಲ. ಕಣ್ಣಿನ ಸಣ್ಣ ಸ್ನಾಯುಗಳು ಎಷ್ಟು ಹೆಣಗಿದರೂ ಆಗುವುದಿಲ್ಲ. ಹಣೆ ನೋವು, ಹುಬ್ಬಿನ ಮೇಲೆ ಭಾರ, ಅಕ್ಷರ ಕುಣಿಯುವುದು, ಎಲ್ಲ ಈ ಹೆಣಗಾಟದಿಂದ.

ನಮ್ಮ ಕನ್ನಡದ ಅಕ್ಷರಗಳನ್ನೇ ನೋಡಿ. ಮೇಲೆ ಒಂದು ಅಕ್ಷರ, ಕೆಳಗೆ ಅದರ ಒತ್ತು. "ಸ್ತ್ರೀ" ಎಂದು ಬರೆದರೆ ಒಂದೇ ಕಡೆ ಎಷ್ಟು ಕೂಡಿಕೊಂಡಿದೆ! ಪುಸ್ತಕದಲ್ಲಿ ದಪ್ಪಗೆ ಅಚ್ಚಾದಾಗ ಸರಿ. ಮೊಬೈಲಿನಲ್ಲಿ ಆ ಒತ್ತು ಸಾಸಿವೆ ಕಾಳಿನಷ್ಟು. ಬ್ಯಾಂಕಿನ ಮೆಸೇಜಿನಲ್ಲಿ 3 ಯಾವುದು, 8 ಯಾವುದು? 2000ವೋ 20000ವೋ? ಒಂದು ಸೊನ್ನೆ ತಪ್ಪಿ ಓದಿದರೆ ಏನಾಗುತ್ತದೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ.

ಇಷ್ಟು ದಿನ ಓದು ಬಾರದಿದ್ದಾಗ ಚಾಳೀಸು ಬಂದದ್ದು ಗೊತ್ತೇ ಆಗಿರಲಿಲ್ಲ. ಸೂಜಿಗೆ ದಾರ ಹಾಕಲು ಮಗಳನ್ನು ಕರೆದರೆ ಆಯಿತು. ಅಕ್ಕಿಯ ಕಲ್ಲು ಆರಿಸಲು ಸೊಸೆ ಇದ್ದಳು. ಓದಲು ಕುಳಿತಾಗ ಅದು ಗೊತ್ತಾಯಿತು. ಓದಿನಿಂದ ಕಣ್ಣು ಹಾಳಾಗಲಿಲ್ಲ. ಕಣ್ಣಿನ ತೊಂದರೆಯನ್ನು ಓದು ತೋರಿಸಿಕೊಟ್ಟಿತು, ಅಷ್ಟೇ.

ಎಷ್ಟೋ ಅಕ್ಕಂದಿರು "ನಮ್ಮ ತಲೆಗೆ ಹತ್ತುವುದಿಲ್ಲ" ಎಂದು ತರಗತಿ ಬಿಟ್ಟಿದ್ದಾರೆ. ತಲೆಗೆ ಅಲ್ಲ, ಕಣ್ಣಿಗೆ ಕಾಣಲಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಸಿದವರು ಇದನ್ನು ಬೇಗ ಅರಿತರು. ಕಲಿಯಲು ಬಂದ ವಯಸ್ಸಾದವರ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಂಚಿದರು. 1990ರ ಫೆಬ್ರವರಿ 4ರಂದು ಆ ಜಿಲ್ಲೆ ಪೂರ್ಣ ಸಾಕ್ಷರ ಎಂದು ಘೋಷಣೆಯಾಯಿತು. ದೂರದ ಕ್ಯೂಬಾ ದೇಶದಲ್ಲೂ 1961ರ ಆಂದೋಲನದಲ್ಲಿ ಪುಸ್ತಕದ ಜೊತೆ ಕನ್ನಡಕ ಕೊಟ್ಟಿದ್ದರು. ನಾವು ಮಾತ್ರ "ಇನ್ನೂ ಓದಿ" ಎಂದು ಹೇಳಿ ಕುಳಿತಿದ್ದೆವು.

ಅಸ್ಸಾಮಿನ ಚಹಾ ತೋಟದ ಒಂದು ಸಂಗತಿ ಕೇಳಿ. ಅಲ್ಲಿ ನಲವತ್ತು ದಾಟಿದ 751 ಕೆಲಸಗಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲೇ ಹತ್ತಿರದ ಕನ್ನಡಕ ಕೊಟ್ಟರು. ಇನ್ನೊಂದು ಗುಂಪಿಗೆ ಆಮೇಲೆ ಕೊಟ್ಟರು. ಇದರ ಫಲ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕವರು ಕಿತ್ತ ಎಲೆ, ಇನ್ನೊಂದು ಗುಂಪಿಗಿಂತ ದಿನಕ್ಕೆ ಸುಮಾರು 5 ಕಿಲೋ ಹೆಚ್ಚಾಯಿತು! ಎಲೆ ಕೀಳುವವರಿಗೇ ಇಷ್ಟು ಲಾಭವಾದರೆ ಮಲ್ಲಿಗೆ ಕಟ್ಟುವವರಿಗೆ ಎಷ್ಟಾದೀತು? ನೀವೇ ಲೆಕ್ಕ ಹಾಕಿ.

"ಕನ್ನಡಕ ಹಾಕಿದರೆ ನಂಬರ್ ಏರ್ತಾ ಹೋಗ್ತದೆ" ಎಂದು ಹೆದರಿಸುವವರು ಇದ್ದಾರೆ. ಹಾಕಿದರೂ ಏರುತ್ತದೆ, ಹಾಕದಿದ್ದರೂ ಏರುತ್ತದೆ. ವಯಸ್ಸು ಏರುವುದರಿಂದ ನಂಬರ್ ಏರುತ್ತದೆ. ಹಾಕದೆ ಇದ್ದರೆ ಸುಮ್ಮನೆ ಕಷ್ಟ ಪಡುವುದು, ಅಷ್ಟೇ.

ಬೆಳಕು ಚುಚ್ಚಿದರೆ

ನಮ್ಮ ಕರಾವಳಿಯ ಬಿಸಿಲು ಗೊತ್ತಲ್ಲ. ಕಾಸರಕೋಡಿನ ಹೊಯ್ಗೆಯ ಮೇಲೆ ಮೀನು ಒಣಗಿಸುವವರು, ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ದುಡಿಯುವವರು, ಇವರಿಗೆ ಬಿಸಿಲು ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ಬಿಳಿ ಉಪ್ಪು, ಬಿಳಿ ಹೊಯ್ಗೆ ಕಣ್ಣು ಕುಕ್ಕುತ್ತವೆ. ಕಣ್ಣು ಕಿರಿದು ಮಾಡಿ ನೋಡುತ್ತೇವೆ. ಇದು ಸಹಜ.

ಆದರೆ ಮನೆಯ ದೀಪ, ಮೊಬೈಲಿನ ಬೆಳಕು, ಮೋಡ ಕವಿದ ದಿನದ ಬೆಳಕೂ ಚುಚ್ಚಿದರೆ ಅದಕ್ಕೆ ಕಾರಣ ಇದೆ. ಒಣಗಿದ ಕಣ್ಣು ಒಂದು ಕಾರಣ. ಸುಲಿದ ಗಾಯಕ್ಕೆ ನೀರು ತಾಗಿದರೆ ಉರಿಯುವುದಿಲ್ಲವೇ? ಹಾಗೆ ಒಣಗಿದ ಕಣ್ಣಿಗೆ ಬೆಳಕು ತಾಗಿದರೆ ಉರಿ.

ಅರೆತಲೆನೋವು ಇನ್ನೊಂದು ಕಾರಣ. ತಲೆಯ ಒಂದು ಪಕ್ಕ ಪಟಪಟ ಎನ್ನುತ್ತದೆ. ವಾಂತಿ ಬಂದ ಹಾಗೆ ಆಗುತ್ತದೆ. ಬೆಳಕು, ಸದ್ದು ಯಾವುದೂ ಬೇಡ, ಕತ್ತಲೆಯಲ್ಲಿ ಮಲಗಿದರೆ ಸಾಕು ಎನಿಸುತ್ತದೆ. ಇದೂ ಹೆಂಗಸರಿಗೇ ಹೆಚ್ಚು. ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ಮುಟ್ಟಿನ ದಿನ ಹತ್ತಿರ ಬಂದರೆ ಕಾಣಿಸಿಕೊಳ್ಳುತ್ತದೆ. "ಕೆಲಸ ತಪ್ಪಿಸಲು ನಾಟಕ" ಎಂದು ಮನೆಯವರು ಹೇಳುವುದನ್ನು ಕೇಳಿದ್ದೇವೆ. ನಾಟಕವಲ್ಲ, ಇದು ಕಾಯಿಲೆ. ಇದಕ್ಕೆ ಔಷಧ ಇದೆ.

ವಯಸ್ಸಾದವರಿಗೆ ಕಣ್ಣಿನ ಪೊರೆ ಬಂದರೂ ಬೆಳಕು ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ರಾತ್ರಿ ಎದುರಿನಿಂದ ಬರುವ ಲಾರಿಯ ದೀಪ ಕಣ್ಣಿಗೆ ಹೊಡೆಯುತ್ತದೆ. ಪೊರೆಗೆ ಶಸ್ತ್ರಚಿಕಿತ್ಸೆಯೇ ಮದ್ದು. ಡಾ. ಎಂ. ಸಿ. ಮೋದಿ ಅವರ ಹೆಸರನ್ನು ನಿಮ್ಮ ಹಿರಿಯರು ಕೇಳಿರಬಹುದು. ಊರೂರಿಗೆ ಹೋಗಿ ಶಿಬಿರ ಹಾಕಿ ಬಡವರ ಕಣ್ಣಿನ ಪೊರೆ ತೆಗೆದ ಪುಣ್ಯಾತ್ಮರು. 2005ರಲ್ಲಿ ತೀರಿಕೊಂಡರು.

ಬೆಳಕು ಚುಚ್ಚುತ್ತದೆ ಎಂದು ಕೆಲವರು ಕಿಟಕಿ ಮುಚ್ಚಿ ಕತ್ತಲೆಯಲ್ಲಿ ಕೂರುತ್ತಾರೆ. ಮನೆಯೊಳಗೂ ಕಪ್ಪು ಕನ್ನಡಕ ಹಾಕುತ್ತಾರೆ. ಇದು ಒಳ್ಳೆಯದಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಆಮೇಲೆ ಸ್ವಲ್ಪ ಬೆಳಕು ಬಂದರೂ ಮೊದಲಿಗಿಂತ ಹೆಚ್ಚು ಚುಚ್ಚುತ್ತದೆ. ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ, ಕೊಡೆ, ತಲೆಯ ಮೇಲೆ ಸೆರಗು ಇರಲಿ. ಮನೆಯೊಳಗೆ ಹದವಾದ ಬೆಳಕು ಇರಲಿ.

ಮನೆಯಲ್ಲಿ ಏನು ಮಾಡಬಹುದು?

ದುಡ್ಡು ಬೇಡದ ಉಪಾಯ ಮೊದಲು. ರಾತ್ರಿ ಮೊಬೈಲ್ ನೋಡುವಾಗ ದೀಪ ಆರಿಸಬೇಡಿ. ಕತ್ತಲೆಯಲ್ಲಿ ಮೊಬೈಲ್ ಒಂದೇ ಉರಿಯುತ್ತಿದ್ದರೆ ಕಣ್ಣಿಗೆ ಬಹಳ ಶ್ರಮ. ಮಗು ಮಲಗಿದ್ದರೆ ನೀವು ಜಗಲಿಗೋ ಅಡುಗೆಮನೆಗೋ ಬನ್ನಿ. ಮೊಬೈಲಿನ ಬೆಳಕು ಕೋಣೆಯ ಬೆಳಕಿನಷ್ಟೇ ಇರಲಿ. ಪರದೆ ಮೇಲಿನಿಂದ ಕೆಳಗೆ ಬೆರಳು ಎಳೆದರೆ ಸೂರ್ಯನ ಚಿತ್ರದ ಪಕ್ಕ ಒಂದು ಗೆರೆ ಕಾಣುತ್ತದೆ. ಅದನ್ನು ಆಚೀಚೆ ಜಾರಿಸಿದರೆ ಬೆಳಕು ಹೆಚ್ಚು ಕಡಿಮೆ ಆಗುತ್ತದೆ.

ದೂರ ಎಷ್ಟು ಇರಬೇಕು? ಒಂದು ಮೊಳ. ಮಲ್ಲಿಗೆ ಅಳೆಯುವ ಅದೇ ಮೊಳ. ಮೊಣಕೈಯನ್ನು ಕೆನ್ನೆಯ ಹತ್ತಿರ ತಂದು ನೋಡಿ, ಬೆರಳ ತುದಿ ಎಲ್ಲಿಗೆ ಬರುತ್ತದೋ ಅಲ್ಲಿ ಮೊಬೈಲ್ ಇರಲಿ. ಅದು ಕಣ್ಣಿಗಿಂತ ಸ್ವಲ್ಪ ಕೆಳಗೆ ಇರಲಿ. ಆಗ ರೆಪ್ಪೆ ಅರ್ಧ ಇಳಿದಿರುತ್ತದೆ, ಕಣ್ಣು ಬೇಗ ಒಣಗುವುದಿಲ್ಲ. ಅಷ್ಟು ದೂರದಲ್ಲಿ ಅಕ್ಷರ ಕಾಣದಿದ್ದರೆ ಅಕ್ಷರ ದೊಡ್ಡದು ಮಾಡಿ. ಎಲ್ಲ ಮೊಬೈಲಿನಲ್ಲೂ ಇದಕ್ಕೆ ಜಾಗ ಇದೆ. ಮಕ್ಕಳಿಗೆ ಹೇಳಿ, ಎರಡು ಮಿನಿಟಿನಲ್ಲಿ ಮಾಡಿಕೊಡುತ್ತಾರೆ. ಅಂಗನವಾಡಿ ಅಕ್ಕಂದಿರೇ, ಬಿಸಿಲಲ್ಲಿ ನಿಂತು ತುಂಬಬೇಡಿ. ನೆರಳಿಗೆ ಬಂದು ತುಂಬಿ.

1990ರ ದಶಕದಲ್ಲಿ ಅಮೆರಿಕದ ಕಣ್ಣಿನ ತಜ್ಞರೊಬ್ಬರು ಒಂದು ಸುಲಭ ಲೆಕ್ಕ ಹೇಳಿಕೊಟ್ಟರು. 20 ಮಿನಿಟಿಗೆ ಒಮ್ಮೆ, 20 ಅಡಿ ದೂರ, 20 ಸೆಕೆಂಡು ನೋಡಿ. 20 ಅಡಿ ಎಂದರೆ ಅಂಗಳದಾಚೆಯ ತೆಂಗಿನ ಮರ ಎಂದಿಟ್ಟುಕೊಳ್ಳಿ. ಒಂದರಿಂದ ಇಪ್ಪತ್ತರವರೆಗೆ ನಿಧಾನ ಎಣಿಸಿ. ಎಣಿಸುವಾಗ ಹತ್ತು ಸಲ ರೆಪ್ಪೆ ಪೂರ್ತಿ ಮುಚ್ಚಿ ತೆರೆಯಿರಿ. ಲೆಕ್ಕ ಸ್ವಲ್ಪ ತಪ್ಪಿದರೂ ಪರವಾಗಿಲ್ಲ. ಮಲ್ಲಿಗೆ ಕಟ್ಟುವವರು ನಾಲ್ಕೈದು ಮೊಳ ಕಟ್ಟಿದ ಮೇಲೆ ಒಮ್ಮೆ ಕತ್ತೆತ್ತಿ ದೂರ ನೋಡಿದರೂ ಸಾಕು.

ಬಿಸಿ ಬಟ್ಟೆಯ ಶಾಖವೂ ಒಳ್ಳೆಯದು. ಶುದ್ಧ ಬಟ್ಟೆಯನ್ನು ಬಿಸಿ ನೀರಿನಲ್ಲಿ ಅದ್ದಿ ಹಿಂಡಿ. ಕೈಗೆ ಹಿತವಾಗುವಷ್ಟೇ ಬಿಸಿ ಇರಲಿ. ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ಐದು ಮಿನಿಟು ಇಟ್ಟುಕೊಳ್ಳಿ. ರೆಪ್ಪೆಯಂಚಿನ ಎಣ್ಣೆ ಕರಗಿ ಹೊರಗೆ ಬರುತ್ತದೆ. ಗಟ್ಟಿಯಾದ ತೆಂಗಿನೆಣ್ಣೆ ಬಿಸಿಲಿಗೆ ಕರಗುವ ಹಾಗೆ.

ಪೇಟೆಯಲ್ಲಿ "ಮೊಬೈಲ್ ಕನ್ನಡಕ", "ನೀಲಿ ಬೆಳಕು ತಡೆಯುವ ಕನ್ನಡಕ" ಎಂದು ಹೆಚ್ಚು ಬೆಲೆಗೆ ಮಾರುತ್ತಾರೆ. 2023ರಲ್ಲಿ ತಜ್ಞರು 17 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಾದಾ ಕನ್ನಡಕಕ್ಕಿಂತ ಇದರಿಂದ ಕಣ್ಣಿನ ಆಯಾಸ ಕಡಿಮೆ ಆಗುವುದು ಕಂಡುಬರಲಿಲ್ಲ. ಆ ದುಡ್ಡು ಉಳಿಸಿ. ಸರಿಯಾದ ನಂಬರಿನ ಸಾದಾ ಕನ್ನಡಕಕ್ಕೆ ಖರ್ಚು ಮಾಡಿ. ಜಾತ್ರೆಯಲ್ಲಿ ಸಿಗುವ ಕನ್ನಡಕವನ್ನು ಅಂದಾಜಿಗೆ ಕೊಳ್ಳಬೇಡಿ. ಅದರಲ್ಲಿ ಎರಡೂ ಗಾಜು ಒಂದೇ ನಂಬರ್. ನಿಮ್ಮ ಎರಡು ಕಣ್ಣಿನ ನಂಬರ್ ಬೇರೆ ಬೇರೆ ಇರಬಹುದು.

ಇನ್ನೊಂದು ಭಯ ಹಲವರಿಗೆ ಇದೆ. "ಮೊಬೈಲ್ ನೋಡಿ ನೋಡಿ ಕುರುಡಾಗ್ತೇವಾ?" ಇಲ್ಲ. ಮೊಬೈಲಿನ ಬೆಳಕಿನಿಂದ ಕಣ್ಣು ಕುರುಡಾಗುವುದಿಲ್ಲ. ಆಯಾಸ, ಉರಿ, ನಿದ್ದೆಗೇಡು ಆಗುತ್ತದೆ. ಸಣ್ಣ ಮಕ್ಕಳ ವಿಷಯ ಬೇರೆ. ಹೊತ್ತೂ ಹತ್ತಿರದ್ದನ್ನೇ ನೋಡುತ್ತಾ ಮನೆಯೊಳಗೇ ಇದ್ದರೆ ಅವರಿಗೆ ದೂರದ್ದು ಮಸುಕಾಗುವ ತೊಂದರೆ ಬರುತ್ತದೆ. ಅವರನ್ನು ದಿನಾ ಬಯಲಿಗೆ ಆಡಲು ಬಿಡಿ.

ಕಣ್ಣಿಗೆ ಏನೇನೋ ಹಾಕಬೇಡಿ

ಜೇನು, ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ, ಇವು ಯಾವುದನ್ನೂ ಕಣ್ಣೊಳಗೆ ಹಾಕಬೇಡಿ. ನಂದಿಬಟ್ಟಲ ಹೂವನ್ನು ಮುಚ್ಚಿದ ಕಣ್ಣಿನ ಮೇಲೆ ಇಟ್ಟುಕೊಂಡರೆ ತಂಪು, ನಮ್ಮ ಅಜ್ಜಿಯೂ ಇಡುತ್ತಿದ್ದರು. ಆದರೆ ಅದರ ರಸ ಒಳಗೆ ಹೋಗಬಾರದು.

ಔಷಧ ಅಂಗಡಿಗೆ ಹೋಗಿ "ಕಣ್ಣುರಿಗೆ ಹನಿ ಕೊಡಿ" ಎಂದು ಕೇಳಿ ತರುವುದೂ ಅಪಾಯ. ಕೆಲವು ಹನಿಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಹಾಕಿದ ಕೂಡಲೇ ಆರಾಮ ಎನಿಸುತ್ತದೆ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬರುತ್ತದೆ. ಹೋದ ದೃಷ್ಟಿ ತಿರುಗಿ ಬಾರದೆ ಇರಬಹುದು. ಒಣಗಿದ ಕಣ್ಣಿಗೆ ಬೇರೆ ಹನಿ ಇದೆ, ಕೃತಕ ಕಣ್ಣೀರು ಎನ್ನುತ್ತಾರೆ. ಯಾವುದು ಬೇಕು ಎಂದು ವೈದ್ಯರು ಹೇಳಲಿ. ಒಬ್ಬರ ಹನಿ ಇನ್ನೊಬ್ಬರು ಹಾಕಬಾರದು.

ಈಗ ಹೇಳುವುದನ್ನು ಎರಡು ಸಲ ಓದಿ. ಕಣ್ಣು ಕೆಂಪಾಗಿ, ಜೋರು ನೋವು ಇದ್ದು, ಬೆಳಕು ನೋಡಲು ಆಗದಿದ್ದರೆ ಅದು ಮೊಬೈಲಿನ ಆಯಾಸ ಅಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ. ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಂಡು, ಕಣ್ಣು ನೋವು, ವಾಂತಿ ಬಂದರೂ ಅದೇ ದಿನ ಹೋಗಿ. ಕಣ್ಣ ಮುಂದೆ ಪರದೆ ಇಳಿದ ಹಾಗೆ ಆದರೆ, ಮಿಂಚು ಹೊಡೆದ ಹಾಗೆ ಕಂಡರೆ, ಒಂದು ಕಣ್ಣು ಏಕಾಏಕಿ ಮಂಜಾದರೆ ಕಾಯಬೇಡಿ. ಭತ್ತದ ಗರಿ, ಮೀನಿನ ಮುಳ್ಳು, ತೆಂಗಿನ ಗರಿ ಕಣ್ಣಿಗೆ ತಾಗಿದರೂ ಕಾಯಬೇಡಿ. ಗಂಡ ಬರಲಿ, ಮಗನಿಗೆ ಫೋನ್ ಮಾಡಿ ಕೇಳುವ, ಗದ್ದೆ ಕೆಲಸ ಮುಗಿಯಲಿ ಎಂದು ಕುಳಿತರೆ ಕಣ್ಣು ಹೋದೀತು.

ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೆ ಒಮ್ಮೆ ತೋರಿಸಬೇಕು.

ಎಲ್ಲಿಗೆ ಹೋಗುವುದು? ಭಟ್ಕಳ, ಹೊನ್ನಾವರ, ಕುಮಟಾ, ಮೂರೂ ಕಡೆ ಸರ್ಕಾರಿ ತಾಲೂಕು ಆಸ್ಪತ್ರೆ ಇದೆ. ಕಣ್ಣು ನೋಡುವವರು ಯಾವ ದಿನ ಸಿಗುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿ. ಉಚಿತ ತಪಾಸಣೆ ಶಿಬಿರ ಎಲ್ಲಿ ಇದೆ, ಉಚಿತ ಕನ್ನಡಕ ಸಿಗುತ್ತದೆಯೇ ಎಂದೂ ಕೇಳಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ದೊಡ್ಡ ತೊಂದರೆ ಆದರೆ ನಮ್ಮ ಕಡೆಯವರು ಮಣಿಪಾಲಕ್ಕೆ ಓಡುತ್ತಾರೆ. ದೂರ, ಖರ್ಚು, ಎಲ್ಲ ಗೊತ್ತೇ ಇದೆ. ಅದಕ್ಕೇ ಸಣ್ಣದಿದ್ದಾಗಲೇ ಹತ್ತಿರದಲ್ಲಿ ತೋರಿಸಿ ಎನ್ನುತ್ತೇವೆ.

ನಮ್ಮ ಅಕ್ಕನನ್ನು ನಾವೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣು ಪರೀಕ್ಷೆ ಮಾಡುವವರು ಒಂದು ಕಾರ್ಡು ಕೈಗೆ ಕೊಟ್ಟು ಓದಿ ಎಂದರು. ಮೇಲಿನ ಎರಡು ಸಾಲು ಓದಿದರು. ಮೂರನೆಯದು ಆಗಲಿಲ್ಲ. ಆಮೇಲೆ ಮೂಗಿನ ಮೇಲೆ ಒಂದು ಕಬ್ಬಿಣದ ಚೌಕಟ್ಟು ಇಟ್ಟು, ಅದರಲ್ಲಿ ಒಂದೊಂದೇ ಗಾಜು ಹಾಕಿ ನೋಡಿದರು. ಮೂರನೆಯ ಗಾಜು ಹಾಕಿದಾಗ ಅಕ್ಕ ಕಾರ್ಡಿನ ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದರು. ಹೊರಗೆ ಸಾಲಿನಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ಒಣಗಿದ ಕಣ್ಣಿಗೆ ಹನಿ ಬರೆದುಕೊಟ್ಟರು. ರಾತ್ರಿ ದೀಪ ಹಾಕಿ ಮಾತಾಡಿ ಎಂದರು.

ಈಗ ಮಗನ ಕಾಲ್ ಬಂದರೆ ಅಕ್ಕ ಜಗಲಿಗೆ ಬರುತ್ತಾರೆ. ಹನ್ನೊಂದು ಗಂಟೆಗೆ ಮೊಬೈಲನ್ನು ಅಕ್ಕಿ ಡಬ್ಬಿಯ ಮೇಲೆ ಇಟ್ಟು ಮಲಗುತ್ತಾರೆ. ದಿನಾ ಹಾಗೆ ಮಾಡುತ್ತಾರೆಂದು ನಾವು ಹೇಳಲಾರೆವು, ಅವರೂ ಹೇಳುವುದಿಲ್ಲ. ಕಣ್ಣುರಿ ಪೂರ್ತಿ ಹೋಗಿಲ್ಲ, ಬಹಳ ಕಡಿಮೆಯಾಗಿದೆ. ತರಗತಿಗೆ ಬರುತ್ತಾರೆ, ಕನ್ನಡಕವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು.

ಮೊನ್ನೆ ಅವರು ಹೂ ಕೊಡಲು ಪೇಟೆಗೆ ಹೋಗಿದ್ದಾಗ ಅತ್ತೆ ಆ ಕನ್ನಡಕ ಹಾಕಿಕೊಂಡು ಗೆರಸಿ ಹಿಡಿದು ಕುಳಿತಿದ್ದರಂತೆ. "ಅಕ್ಕಿಯಲ್ಲಿ ಇಷ್ಟು ಕಲ್ಲಿತ್ತಾ? ಇಷ್ಟು ದಿನ ನೀವು ನನಗೆ ಕಲ್ಲು ತಿನ್ನಿಸಿದ್ರಾ?" ಎಂದು ಸೊಸೆಯನ್ನೇ ಬೈದರಂತೆ. ಬರುವ ಸೋಮವಾರ ಅತ್ತೆಯನ್ನೂ ಕಣ್ಣು ತೋರಿಸಲು ಕರೆದುಕೊಂಡು ಹೋಗಬೇಕು.